ಐವತ್ತರ ಹೊತ್ತಿಗೆ ಮತ್ತೆ ಕ್ಲಾಸಿಗೆ ಹೋಗುವವರು

ನೈಜೀರಿಯಾದ ಜೋಸ್ ನಗರದ ಹತ್ತಿರ ಕುರು ಅಂತ ಒಂದು ಊರಿದೆ. ಅಲ್ಲಿನ ಒಂದು ಕ್ಯಾಂಪಸ್‌ನಲ್ಲಿ ವರ್ಷ ವರ್ಷ ನಡೆಯುವ ತರಗತಿಯ ವಿದ್ಯಾರ್ಥಿಗಳನ್ನು ನೋಡಿದರೆ ನಗು ಬರಬಹುದು. ಒಬ್ಬರು ಸೇನೆಯ ದೊಡ್ಡ ಅಧಿಕಾರಿ, ಪಕ್ಕದಲ್ಲಿ ಪೊಲೀಸ್ ಕಮಿಷನರ್, ಅವರ ಪಕ್ಕದಲ್ಲಿ ಸರ್ಕಾರಿ ಇಲಾಖೆಯ ನಿರ್ದೇಶಕರು, ಆಚೆ ಖಾಸಗಿ ಕಂಪನಿಯ ಹಿರಿಯರು, ಕಾರ್ಮಿಕ ಸಂಘದವರು, ಪತ್ರಕರ್ತರು. ಎಲ್ಲರಿಗೂ ತಲೆಗೂದಲು ನೆರೆಯುತ್ತಿರುವ ವಯಸ್ಸು. ಸುಮಾರು ಹತ್ತು ತಿಂಗಳು ಅಲ್ಲೇ ಇದ್ದು, ಓದಿ, ಜಗಳವಾಡಿ, ಪ್ರವಾಸ ಹೋಗಿ, ಪ್ರಬಂಧ ಬರೆದು ಮುಗಿಸಿದರೆ ಹೆಸರಿನ ಕೊನೆಗೆ ಎಂಎನ್‌ಐ ಅಂತ ಮೂರಕ್ಷರ ಹಾಕಿಕೊಳ್ಳಬಹುದು. ರಾಷ್ಟ್ರೀಯ ಸಂಸ್ಥೆಯ ಸದಸ್ಯ ಅಂತ ಅದರ ಅರ್ಥ. ಸಂಸ್ಥೆಯ ಪೂರ್ತಿ ಹೆಸರು ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಪಾಲಿಸಿ ಅಂಡ್ ಸ್ಟ್ರಾಟೆಜಿಕ್ ಸ್ಟಡೀಸ್, ಶುರುವಾಗಿದ್ದು 1979ರಲ್ಲಿ.

ಇಂಥ ಕೋರ್ಸ್‌ಗಳು ಬೇರೆ ದೇಶಗಳಲ್ಲೂ ಇವೆ. ಹೆಸರು ಬೇರೆ, ಅವಧಿ ಬೇರೆ, ಒಳಗೆ ನಡೆಯುವುದು ಮಾತ್ರ ಹೆಚ್ಚುಕಡಿಮೆ ಒಂದೇ. ಆದರೆ ಹೊರಗಿನಿಂದ ನೋಡುವವರಿಗೆ ಇದು ಅರ್ಥವಾಗುವುದೇ ಇಲ್ಲ. ಇಪ್ಪತ್ತೈದು ವರ್ಷ ಕೆಲಸ ಮಾಡಿ ಮೇಲೆ ಬಂದವರಿಗೆ ಇನ್ನೇನು ಕಲಿಸುತ್ತಾರೆ? ಜನರ ದುಡ್ಡಿನಲ್ಲಿ ಹತ್ತು ತಿಂಗಳ ರಜೆ ಅಲ್ವಾ ಇದು? ಕೆಲವು ಸಲ ಹೌದು, ಅದೂ ಆಗುತ್ತದೆ, ಆ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಇದರ ಹಿಂದಿನ ಲೆಕ್ಕಾಚಾರ ಏನು ಅಂತ ನೋಡೋಣ.

ಒಬ್ಬ ಅಧಿಕಾರಿ ಮೇಲೆ ಬರುವುದು ಒಂದು ಕೆಲಸವನ್ನು ಚೆನ್ನಾಗಿ ಮಾಡಿ. ತೆರಿಗೆ ಇಲಾಖೆಯವರು ತೆರಿಗೆ ವಸೂಲಿಯಲ್ಲಿ ಗಟ್ಟಿಗರಾಗಿ, ಪೊಲೀಸರು ಕಾನೂನು ಸುವ್ಯವಸ್ಥೆಯಲ್ಲಿ, ಕಂಪನಿಯವರು ಲಾಭ ತೋರಿಸಿ ಮೇಲೇರುತ್ತಾರೆ. ಬಡ್ತಿ ಸಿಗುವುದು ತಮ್ಮ ಇಲಾಖೆಯ ಪರವಾಗಿ ಗಟ್ಟಿಯಾಗಿ ವಾದಿಸುವವರಿಗೆ, ತಮ್ಮ ಪಾಲಿನ ಬಜೆಟ್ ಬಿಟ್ಟುಕೊಡದವರಿಗೆ. ತುತ್ತತುದಿಗೆ ಬಂದ ದಿನ ಆಟ ಬದಲಾಗುತ್ತದೆ. ಅಲ್ಲಿ ಬರುವ ಯಾವ ಸಮಸ್ಯೆಯೂ ಒಂದು ಇಲಾಖೆಯದ್ದಾಗಿರುವುದಿಲ್ಲ. ಒಂದು ಇಲಾಖೆಯದ್ದೇ ಆಗಿದ್ದರೆ ಕೆಳಗಿನವರೇ ಬಗೆಹರಿಸಿರುತ್ತಿದ್ದರು, ಮೇಲಿನ ತನಕ ಬರುತ್ತಲೇ ಇರಲಿಲ್ಲ. ಅಂದರೆ ಇಷ್ಟು ದಿನ ಯಾವ ಗುಣ ಮೇಲೆ ತಂದಿತೋ, ಅಂದರೆ ತಮ್ಮ ಮೂಗಿನ ನೇರಕ್ಕೆ ಯೋಚಿಸುವುದು, ಅದೇ ಇಲ್ಲಿ ಕಾಲಿಗೆ ತೊಡರುತ್ತದೆ. ಈ ಕೋರ್ಸ್‌ಗಳು ಹುಟ್ಟಿದ್ದು ಆ ಗಂಟನ್ನು ಬಿಡಿಸೋದಕ್ಕೆ. ಹೊಸ ವಿಷಯ ತುಂಬುವುದು ಅವುಗಳಲ್ಲಿ ಎರಡನೆಯ ಕೆಲಸ. ಓದಿಗಷ್ಟೇ ಆಗಿದ್ದರೆ ಒಂದು ಪುಸ್ತಕದ ಪಟ್ಟಿ ಕಳಿಸಿದರೆ ಸಾಕಿತ್ತು.

ಈಗ ಎರಡು ಪದಗಳನ್ನು ಬಿಡಿಸಿಕೊಳ್ಳಬೇಕು. ಪಾಲಿಸಿ ಅಂದ ಕೂಡಲೇ ಅರ್ಧ ಜನಕ್ಕೆ ವಿಮೆ ನೆನಪಾಗುತ್ತದೆ, ಅದು ಬಿಡಿ. ಇಲ್ಲಿ ಪಾಲಿಸಿ ಅಂದರೆ ನೀತಿ. ಸರ್ಕಾರ ಏನನ್ನು ಬಯಸುತ್ತದೆ, ಯಾವುದಕ್ಕೆ ಒಪ್ಪುತ್ತದೆ, ಯಾವುದಕ್ಕೆ ಒಪ್ಪುವುದಿಲ್ಲ ಅನ್ನುವ ತೀರ್ಮಾನ. ಸ್ಟ್ರಾಟಜಿ ಅಂದರೆ ಕಾರ್ಯತಂತ್ರ. ಆ ಬಯಕೆಯನ್ನು ಕೈಯಲ್ಲಿರುವ ದುಡ್ಡು, ಜನ, ಸಮಯ ಇಷ್ಟರಲ್ಲೇ ನಡೆಸಿಕೊಳ್ಳುವ ದಾರಿ, ಅದೂ ಎದುರಿಗೆ ಇನ್ನೊಬ್ಬ ಅಡ್ಡ ಹಾಕುತ್ತಿರುವಾಗ. ಅಮೆರಿಕದ ಆರ್ಮಿ ವಾರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಆರ್ಥರ್ ಲಿಕ್ ಇದನ್ನು ಮೂರು ಕಾಲಿನ ಸ್ಟೂಲು ಅಂತ ವಿವರಿಸಿದ್ದರು. ಗುರಿ ಒಂದು ಕಾಲು, ದಾರಿ ಒಂದು ಕಾಲು, ಸಾಧನ ಒಂದು ಕಾಲು. ಒಂದು ಉದ್ದವಾಗಿ ಇನ್ನೊಂದು ಗಿಡ್ಡವಾದರೆ ಸ್ಟೂಲು ವಾಲುತ್ತದೆ. ಎಷ್ಟು ವಾಲಿದೆಯೋ ಅಷ್ಟು ಅಪಾಯ. ಕೇಳುವಾಗ ಸುಲಭ ಅನಿಸುತ್ತದೆ. ಯಾವುದಾದರೂ ಸರ್ಕಾರದ 'ರಾಷ್ಟ್ರೀಯ ಕಾರ್ಯತಂತ್ರ' ಅಂತ ಹೆಸರಿಟ್ಟ ದಪ್ಪ ದಾಖಲೆ ತೆಗೆದು ನೋಡಿ, ಗುರಿಗಳು ನೂರಿರುತ್ತವೆ, ಹಣ ಎಲ್ಲಿಂದ ಅನ್ನುವ ಪುಟ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಅದು ಬರೀ ಆಸೆಗಳ ಪಟ್ಟಿ.

ತರಗತಿಯೊಳಗೆ ಏನಾಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಂದು ದೇಶ ತನ್ನ ಇಂಧನದ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ದೂರದಲ್ಲೆಲ್ಲೋ ಯುದ್ಧ ಶುರುವಾಗಿ ಹಡಗುಗಳು ನಿಂತುಹೋಗುತ್ತವೆ. ಎರಡು ತಿಂಗಳು ಹೊಸ ಸರಕು ಇಲ್ಲ. ಏನು ಮಾಡುತ್ತೀರಿ? ಹತ್ತು ಜನರ ಗುಂಪಿಗೆ ಈ ಪ್ರಶ್ನೆ ಕೊಟ್ಟು ಎರಡು ದಿನ ಬಿಡುತ್ತಾರೆ ಅಂದುಕೊಳ್ಳಿ.

ಹಣಕಾಸಿನವರು ಮೊದಲು ಬಾಯಿ ಬಿಡುತ್ತಾರೆ. ಬೆಲೆ ಏರಲು ಬಿಡಿ, ಜನ ತಾವಾಗಿಯೇ ಕಡಿಮೆ ಬಳಸುತ್ತಾರೆ, ಸಬ್ಸಿಡಿ ಕೊಟ್ಟರೆ ಖಜಾನೆ ಖಾಲಿ. ಲೆಕ್ಕ ಸರಿಯಾಗಿಯೇ ಇದೆ. ಪೊಲೀಸ್ ಅಧಿಕಾರಿ ತಲೆ ಅಲ್ಲಾಡಿಸುತ್ತಾರೆ: ರಾತ್ರೋರಾತ್ರಿ ಬೆಲೆ ಏರಿಸಿದರೆ ಬೆಳಿಗ್ಗೆ ಬೀದಿಯಲ್ಲಿ ನಿಲ್ಲಬೇಕಾದವರು ನಾವು, ನೀವಲ್ಲ. ಸೇನೆಯವರು, ಉಳಿದಿರುವ ದಾಸ್ತಾನಿನಲ್ಲಿ ನಮ್ಮ ಪಾಲನ್ನು ಯಾರೂ ಮುಟ್ಟಬಾರದು ಅನ್ನುತ್ತಾರೆ. ಕೃಷಿ ಇಲಾಖೆಯವರು ಇದು ಕೊಯ್ಲಿನ ಕಾಲ ಅನ್ನುತ್ತಾರೆ. ಬ್ಯಾಂಕಿನವರಿಗೆ ಡಾಲರ್ ಚಿಂತೆ. ತೈಲ ಕಂಪನಿಯಿಂದ ಬಂದವರು ಇಷ್ಟೂ ಹೊತ್ತು ಸುಮ್ನೆ ಕೂತಿದ್ದು ಒಂದು ಮಾತು ಕೇಳುತ್ತಾರೆ. ನೀವೆಲ್ಲ ದಾಸ್ತಾನು ದಾಸ್ತಾನು ಅಂತಿದ್ದೀರಲ್ಲ, ಅದು ಎಲ್ಲಿದೆ ಗೊತ್ತಾ? ನಮ್ಮ ಟ್ಯಾಂಕುಗಳಲ್ಲಿ. ಹೆಚ್ಚುವರಿ ಎಣ್ಣೆ ಇಟ್ಟುಕೊಂಡು ಕೂರಲು ನಮಗೆ ಬಡ್ಡಿ ಬೀಳುತ್ತದೆ, ಅದನ್ನು ಯಾರು ಕೊಡುತ್ತಾರೆ ಅಂತ ಯಾವತ್ತೂ ಯಾರೂ ಹೇಳಿಲ್ಲ, ಹಾಗಾಗಿ ನಾವು ಇಟ್ಟಿರುವುದು ವ್ಯಾಪಾರಕ್ಕೆ ಬೇಕಾದಷ್ಟು ಮಾತ್ರ.

ಆ ಕೋಣೆಯಲ್ಲಿ ಅರ್ಧ ನಿಮಿಷ ಮೌನ ಆವರಿಸುತ್ತದೆ. ಕೋರ್ಸಿನ ಇಡೀ ಬೆಲೆ ಆ ಅರ್ಧ ನಿಮಿಷದಲ್ಲಿದೆ ಅಂತ ನನಗನಿಸುತ್ತದೆ. ಇಲಾಖೆಯ ಕಡತಗಳಲ್ಲಿ 'ರಾಷ್ಟ್ರದ ದಾಸ್ತಾನು' ಅಂತ ಒಂದು ಅಂಕಿ ಇತ್ತು. ಅದು ಯಾರ ಟ್ಯಾಂಕಿನಲ್ಲಿದೆ, ಯಾರ ದುಡ್ಡಿನಲ್ಲಿದೆ ಅನ್ನುವುದು ಕಡತದಲ್ಲಿ ಇರಲಿಲ್ಲ.

ಇದು ಬರೀ ಕಟ್ಟುಕಥೆಯಲ್ಲ. 1973ರ ತೈಲ ಬಿಕ್ಕಟ್ಟಿನ ಮರುವರ್ಷ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ದೇಶಗಳಿಗೆ ಒಂದು ನಿಯಮ ಹಾಕಿದೆ. ನಿವ್ವಳ ಆಮದಿನ 90 ದಿನಗಳಷ್ಟು ತೈಲ ಕಾದಿಟ್ಟಿರಬೇಕು. ಕೆಲವು ದೇಶಗಳಲ್ಲಿ ಸರ್ಕಾರವೇ ಇಡುತ್ತದೆ, ಕೆಲವು ಕಡೆ ಅದಕ್ಕೇ ಒಂದು ಸಂಸ್ಥೆ ಇದೆ, ಇನ್ನು ಕೆಲವು ಕಡೆ ಕಂಪನಿಗಳೇ ಇಡಬೇಕು ಅಂತ ಕಾನೂನು. ಇನ್ನೊಂದು ನಿಜ ಘಟನೆ ಬ್ರಿಟನ್ನಿನದು. 2000ದ ಸೆಪ್ಟೆಂಬರಿನಲ್ಲಿ ಇಂಧನ ತೆರಿಗೆ ಜಾಸ್ತಿಯಾಯಿತು ಅಂತ ಲಾರಿಯವರೂ ರೈತರೂ ತೈಲ ಡಿಪೋಗಳ ಬಾಗಿಲಿಗೆ ಅಡ್ಡ ನಿಂತರು. ಕೆಲವೇ ದಿನಗಳಲ್ಲಿ ಪೆಟ್ರೋಲ್ ಬಂಕುಗಳು ಒಂದೊಂದಾಗಿ ಬರಿದಾದವು, ಆಸ್ಪತ್ರೆಗಳ ಕೆಲಸಕ್ಕೆ ಪೆಟ್ಟು ಬಿತ್ತು, ಅಂಗಡಿಗಳಲ್ಲಿ ಬ್ರೆಡ್ಡಿಗೆ ಜನ ಮುಗಿಬಿದ್ದರು. ಪೆಟ್ರೋಲಿನ ಸಮಸ್ಯೆ ಅನ್ನುವುದು ಆಹಾರದ, ಆರೋಗ್ಯದ, ಪೊಲೀಸರ ಸಮಸ್ಯೆಯೂ ಹೌದು ಅಂತ ಆಗ ಗೊತ್ತಾಯಿತು. ಆ ಘಟನೆ, ಅದೇ ವರ್ಷದ ಪ್ರವಾಹ, ಮರುವರ್ಷದ ಕಾಲುಬಾಯಿ ಜ್ವರ ಇವೆಲ್ಲ ಸೇರಿ 2004ರಲ್ಲಿ ಅಲ್ಲಿ ತುರ್ತುಸ್ಥಿತಿ ನಿಭಾಯಿಸುವ ಹೊಸ ಕಾನೂನೇ ಬಂತು.

ಖಾಸಗಿಯವರನ್ನು ಯಾಕೆ ಕೂರಿಸಬೇಕು ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಬಂದರು, ಟೆಲಿಕಾಂ, ಬ್ಯಾಂಕು, ವಿದ್ಯುತ್, ಔಷಧ, ದಿನಸಿ ಸಾಗಣೆ ಇವುಗಳಲ್ಲಿ ಎಷ್ಟೋ ಭಾಗ ಸರ್ಕಾರದ ಕೈಯಲ್ಲಿಲ್ಲ. ಈ ಪಾಠವನ್ನು ಮೊದಲು ದುಬಾರಿ ಬೆಲೆ ಕೊಟ್ಟು ಕಲಿತವರು ಅಮೆರಿಕದವರು. 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಇಳಿದಾಗ ಅವರ ಕಾರ್ಖಾನೆಗಳಿಗೆ ಕೊರತೆಯಿರಲಿಲ್ಲ, ಉಕ್ಕಿಗೂ ಕೊರತೆಯಿರಲಿಲ್ಲ. ಆದರೂ ಅವರ ಸೈನಿಕರು ಯುರೋಪಿನಲ್ಲಿ ಬಳಸಿದ ಫಿರಂಗಿಗಳೂ ವಿಮಾನಗಳೂ ಬಹುಪಾಲು ಫ್ರೆಂಚರವು. ಕಾರ್ಖಾನೆ ಮತ್ತು ಸೇನೆ ಮಾತಾಡಿಕೊಂಡೇ ಇರಲಿಲ್ಲ, ಅಷ್ಟೇ ವಿಷಯ. 1924ರಲ್ಲಿ ಆರ್ಮಿ ಇಂಡಸ್ಟ್ರಿಯಲ್ ಕಾಲೇಜು ಶುರು ಮಾಡಿದರು. ಅಲ್ಲಿ ಕಲಿತು 1933ರಲ್ಲಿ ಹೊರಬಂದ ಮೇಜರ್ ಒಬ್ಬರು ಮುಂದೆ ಅಧ್ಯಕ್ಷರಾದರು, ಅವರೇ ಐಸನ್‌ಹೋವರ್. 2012ರಿಂದ ಆ ಕಾಲೇಜಿಗೆ ಅವರದೇ ಹೆಸರು. ಈಗಲೂ ಅಲ್ಲಿನ ವಿದ್ಯಾರ್ಥಿಗಳು ಒಂದೊಂದು ಉದ್ಯಮವನ್ನು ಹಿಡಿದು, ಕಾರ್ಖಾನೆಗಳಿಗೆ ಹೋಗಿ, ನಾಳೆ ಯುದ್ಧವಾದರೆ ಈ ಉದ್ಯಮ ಎಷ್ಟು ತಡೆದುಕೊಂಡೀತು ಅಂತ ಅಧ್ಯಯನ ಮಾಡುತ್ತಾರೆ. ಕಂಪನಿಗಳಿಂದ ಬಂದವರೂ ಸಹಪಾಠಿಗಳಾಗಿ ಕೂರುತ್ತಾರೆ.

ಲಂಡನ್ನಿನಲ್ಲಿ 1927ರಲ್ಲಿ ಇಂಪೀರಿಯಲ್ ಡಿಫೆನ್ಸ್ ಕಾಲೇಜು ಬಂತು. ಅದರ ಮಾದರಿಯಲ್ಲೇ 1960ರಲ್ಲಿ ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜು. ಫ್ರಾನ್ಸಿನಲ್ಲಿ 1936ರಲ್ಲಿ ಅಡ್ಮಿರಲ್ ಕಾಸ್ಟೆಕ್ಸ್ ಶುರು ಮಾಡಿದ ಸಂಸ್ಥೆ ಯುದ್ಧದ ನಂತರ ಹೊಸ ರೂಪದಲ್ಲಿ ಎದ್ದು ನಿಂತಿತು, ಅಲ್ಲಿ ಸೇನೆ, ಸರ್ಕಾರಿ ನೌಕರರು, ಹೊರಗಿನ ಸಮಾಜ ಮೂವರಿಗೂ ಜಾಗವಿದೆ. ಈ ಪಟ್ಟಿ ಬೆಳೆಸುವುದು ಬೇಡ. ಇವು ಹೆಚ್ಚಿನವು ಸೇನೆಯ ಮಡಿಲಲ್ಲಿ ಹುಟ್ಟಿದವು ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಯಾಕೆಂದರೆ ಅದರಿಂದ ಒಂದು ತೊಂದರೆಯೂ ಹುಟ್ಟಿತು.

ಸೇನೆಯ ಹೊರಗೆ ಇದೇ ಯೋಚನೆಯನ್ನು ತಂದಿದ್ದು ಇಂಗ್ಲೆಂಡಿನ ಹೆನ್ಲಿಯಲ್ಲಿ. 1945ರಲ್ಲಿ ಸ್ಥಾಪನೆಯಾದ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು 1948ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಸರ್ಕಾರಿ ಅಧಿಕಾರಿಗಳು, ಉದ್ಯಮದವರು, ಬ್ಯಾಂಕಿನವರು ಎಲ್ಲ ಸುಮಾರು ಮೂರು ತಿಂಗಳು ಒಟ್ಟಿಗಿರಬೇಕು. ಭಾರತದಲ್ಲಿ ಅದೇ ಮಾದರಿ ಹಿಡಿದು 1956ರಲ್ಲಿ ಹೈದರಾಬಾದಿನಲ್ಲಿ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜ್ ಆಫ್ ಇಂಡಿಯಾ ಹುಟ್ಟಿತು. ಹೆನ್ಲಿಯವರ ದೊಡ್ಡ ಕೊಡುಗೆ ಅಂದರೆ ಸಿಂಡಿಕೇಟ್ ಪದ್ಧತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಇವತ್ತಿಗೂ ಇಂಥ ಬಹಳಷ್ಟು ಕೋರ್ಸ್‌ಗಳ ಬೆನ್ನೆಲುಬು ಅದೇ.

ಸಿಂಡಿಕೇಟ್ ಅಂದರೆ ಹತ್ತು ಜನರ ಗುಂಪು. ಗುಂಪನ್ನು ಬೇಕೆಂತಲೇ ಕಲಸುಮೇಲೋಗರ ಮಾಡಿರುತ್ತಾರೆ, ಒಂದೇ ಕಸುಬಿನ ಇಬ್ಬರು ಆದಷ್ಟು ಒಟ್ಟಿಗೆ ಬೀಳಬಾರದು. ಒಂದೊಂದು ವಿಷಯಕ್ಕೂ ಒಬ್ಬೊಬ್ಬರು ಅಧ್ಯಕ್ಷರು, ಒಬ್ಬರು ಕಾರ್ಯದರ್ಶಿ, ಸರದಿಯ ಮೇಲೆ. ಹಣಕಾಸಿನ ವಿಷಯ ಬಂದಾಗ ಹಣಕಾಸಿನವರನ್ನೇ ಅಧ್ಯಕ್ಷರನ್ನಾಗಿ ಮಾಡಿದರೆ ಅವರು ಪಾಠ ಮಾಡುತ್ತಾರೆ, ಉಳಿದವರು ನಿದ್ದೆ ಮಾಡುತ್ತಾರೆ. ಅದರ ಬದಲು ಪೊಲೀಸ್ ಅಧಿಕಾರಿಗೆ ಬಜೆಟ್ ಚರ್ಚೆಯ ಕುರ್ಚಿ ಕೊಟ್ಟರೆ ಏನಾಗುತ್ತದೆ? ಅವರು ಗೊತ್ತಿಲ್ಲದ್ದನ್ನು ಕೇಳಲೇಬೇಕು. ಇಪ್ಪತ್ತು ವರ್ಷದಿಂದ 'ಇದು ಗೊತ್ತಿಲ್ಲ' ಅಂತ ಬಾಯಿಬಿಟ್ಟು ಹೇಳದ ಮನುಷ್ಯ ಮೊದಲ ಸಲ ಹಾಗೆ ಹೇಳಬೇಕಾಗುತ್ತದೆ. ಇನ್ನೊಂದು ಕಡೆ, ಹಣಕಾಸಿನವರು ತಮ್ಮ ಕಸುಬಿನ ಭಾಷೆ ಬಿಟ್ಟು ಎಲ್ಲರಿಗೂ ಅರ್ಥವಾಗುವ ಮಾತಲ್ಲಿ ವಿವರಿಸಬೇಕು. ಹಾಗೆ ವಿವರಿಸುವಾಗ ತಮ್ಮದೇ ವಾದದ ತೂತು ಅವರಿಗೇ ಕಾಣುವುದುಂಟು.

ಕೊನೆಗೆ ಗುಂಪು ಒಂದೇ ಒಂದು ವರದಿ ಕೊಡಬೇಕು. ಹತ್ತು ಜನರ ಹತ್ತು ವರದಿ ನಡೆಯುವುದಿಲ್ಲ. ಎಲ್ಲ ಸಿಂಡಿಕೇಟ್‌ಗಳೂ ಸೇರಿದ ದೊಡ್ಡ ಸಭೆಯಲ್ಲಿ ಅಧ್ಯಕ್ಷರು ಆ ವರದಿಯನ್ನು ಸಮರ್ಥಿಸಿಕೊಳ್ಳಬೇಕು, ತಮಗೆ ವೈಯಕ್ತಿಕವಾಗಿ ಒಪ್ಪಿಗೆ ಇಲ್ಲದ ಸಾಲನ್ನೂ ಸೇರಿಸಿ. ಮಂತ್ರಿಮಂಡಲದಲ್ಲಿ ಆಗುವುದೂ ಇದೇ ಅಲ್ವಾ? ಪ್ರೊಫೆಸರ್‌ಗಳು ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ. ಬೋಧಕರು ಜಾಸ್ತಿ ಮಾತಾಡುವ ಇಂಥ ಕೋರ್ಸು ಕೆಟ್ಟ ಕೋರ್ಸು ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು. ಆದರೆ ಗುಂಪಿನ ವರದಿಗೆ ಒಂದು ಕಾಯಿಲೆಯಿದೆ. ಎಲ್ಲರಿಗೂ ಒಪ್ಪಿಗೆಯಾಗಬೇಕು ಅಂತ ಹೊರಟು ಯಾರಿಗೂ ನೋವಾಗದ, ಯಾವುದಕ್ಕೂ ಉಪಯೋಗವಾಗದ ಸಪ್ಪೆ ವಾಕ್ಯಗಳಿಗೆ ಬಂದು ನಿಲ್ಲುವುದು. 'ಸಂಬಂಧಪಟ್ಟ ಎಲ್ಲರೂ ಸಮನ್ವಯದಿಂದ ಕೆಲಸ ಮಾಡಬೇಕು' ಅನ್ನುವ ಸಾಲು ಬಂತು ಅಂದರೆ ಅಲ್ಲೊಂದು ಜಗಳವನ್ನು ಮುಚ್ಚಿಟ್ಟಿದ್ದಾರೆ ಅಂತಲೇ ಅರ್ಥ. ಒಳ್ಳೆಯ ಬೋಧಕರು ಆ ಸಾಲನ್ನು ಹೊಡೆದು ಹಾಕಿ, ಯಾರು, ಯಾವಾಗ, ಯಾರ ಬಜೆಟ್ಟಿನಲ್ಲಿ ಅಂತ ಬರೆಸುತ್ತಾರೆ.

ಇಷ್ಟು ಬಿಚ್ಚುಮಾತು ಆಡಬೇಕಾದರೆ ಒಂದು ಭರವಸೆ ಬೇಕು. ಇಲ್ಲಿ ಹೇಳಿದ್ದು ನಾಳೆ ಪತ್ರಿಕೆಯಲ್ಲೋ ಮೇಲಧಿಕಾರಿಯ ಮೇಜಿನ ಮೇಲೋ ಬರಬಾರದು. ಚ್ಯಾಟಮ್ ಹೌಸ್ ನಿಯಮ ಅಂತ ಪ್ರಸಿದ್ಧವಾಗಿರುವುದು ಇದಕ್ಕೇ. ಕೇಳಿದ ವಿಷಯವನ್ನು ಬಳಸಬಹುದು, ಯಾರು ಹೇಳಿದರು ಅಂತ ಮಾತ್ರ ಹೇಳುವಂತಿಲ್ಲ. ಸರ್ಕಾರದ ನೀತಿ ತಪ್ಪು ಅಂತ ಸರ್ಕಾರಿ ಅಧಿಕಾರಿಯೇ ಹೇಳಬಹುದಾದ ಜಾಗ ಬೇರೆ ಎಷ್ಟಿವೆ ಹೇಳಿ? ಈ ನಿಯಮ ಒಂದು ಸಲ ಮುರಿದರೆ ಸಾಕು, ಮರುದಿನದಿಂದ ಎಲ್ಲರೂ ಪತ್ರಿಕಾಗೋಷ್ಠಿಯ ಭಾಷೆಯಲ್ಲಿ ಮಾತಾಡಲು ಶುರು ಮಾಡುತ್ತಾರೆ.

ಇನ್ನು ಆಟಗಳು. ದೊಡ್ಡವರು ಮೇಜಿನ ಸುತ್ತ ಕೂತು 'ನೀನು ಶತ್ರು, ನಾನು ಸರ್ಕಾರ' ಅಂತ ಆಡುವುದು. ಮಕ್ಕಳಾಟದ ಹಾಗೆ ಕಂಡರೂ ಇದರಷ್ಟು ಬೇಗ ತಪ್ಪನ್ನು ತೋರಿಸುವ ಸಾಧನ ಇನ್ನೊಂದಿಲ್ಲ. ತರಗತಿಗಳ ಆಟ ಹೊರಗೆ ಬರುವುದು ಕಡಿಮೆ, ಆದರೆ ಸರ್ಕಾರಗಳು ಆಡಿದ ಕೆಲವು ದೊಡ್ಡ ಆಟಗಳ ಕಥೆ ಈಗ ಬಹಿರಂಗವಾಗಿದೆ. 1964ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಸಿಗ್ಮಾ ಎಂಬ ಆಟ ನಡೆಯಿತು. ವಿಷಯ ವಿಯೆಟ್ನಾಂ. ಆಡಿದವರಲ್ಲಿ ಅಧ್ಯಕ್ಷರ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ, ವಾಯುಪಡೆ ಮುಖ್ಯಸ್ಥ ಕರ್ಟಿಸ್ ಲಿಮೇ ಅಂಥವರೇ ಇದ್ದರು. ಬಾಂಬ್ ಹಾಕಿದರೆ ಉತ್ತರ ವಿಯೆಟ್ನಾಂ ಬಗ್ಗುವುದಿಲ್ಲ, ಯುದ್ಧ ಮಾತ್ರ ಬೆಳೆಯುತ್ತದೆ ಅಂತ ಆಟ ತೋರಿಸಿತು. 1965ರಲ್ಲಿ ಬಿಡದೆ ಬಾಂಬ್ ಹಾಕಲು ಶುರು ಮಾಡಿದರು.

2002ರಲ್ಲಿ ಅಮೆರಿಕ ಸುಮಾರು 25 ಕೋಟಿ ಡಾಲರ್ ಖರ್ಚು ಮಾಡಿ ಮಿಲೇನಿಯಂ ಚಾಲೆಂಜ್ ಅಂತ ಇನ್ನೊಂದು ಆಡಿತು. ಶತ್ರುವಿನ ಪಾತ್ರ ನಿವೃತ್ತ ಲೆಫ್ಟಿನೆಂಟ್ ಜನರಲ್ ಪಾಲ್ ವಾನ್ ರೈಪರ್ ಅವರದು. ಅವರು ರೇಡಿಯೋ ಬಳಸಿದರೆ ಕದ್ದು ಕೇಳುತ್ತಾರೆ ಅಂತ ಬೈಕಿನ ಮೇಲೆ ಸಂದೇಶ ಕಳಿಸಿದರು, ಸಣ್ಣ ದೋಣಿಗಳನ್ನು ಮತ್ತು ಕ್ಷಿಪಣಿಗಳನ್ನು ಒಟ್ಟಿಗೆ ನುಗ್ಗಿಸಿ ಲೆಕ್ಕದಲ್ಲಿ 16 ಹಡಗುಗಳನ್ನು ಮುಳುಗಿಸಿಬಿಟ್ಟರು. ಆಡಿಸುವವರು ಏನು ಮಾಡಿದರು ಅಂತೀರಿ? ಮುಳುಗಿದ ಹಡಗುಗಳನ್ನು ಮೇಲೆತ್ತಿ, ಶತ್ರು ಏನು ಮಾಡಬಾರದು ಅಂತ ನಿಯಮ ಹಾಕಿ, ಮತ್ತೆ ಆಡಿಸಿದರು. ವಾನ್ ರೈಪರ್ ಬೇಜಾರಾಗಿ ಪಾತ್ರ ಬಿಟ್ಟು ಎದ್ದರು.

ಬ್ರಿಟನ್ 2016ರ ಅಕ್ಟೋಬರಿನಲ್ಲಿ ಸಿಗ್ನಸ್ ಎಂಬ ಹೆಸರಿನಲ್ಲಿ ಮೂರು ದಿನ ಸಾಂಕ್ರಾಮಿಕ ಜ್ವರದ ಅಭ್ಯಾಸ ಮಾಡಿತು. ತೀವ್ರ ಸಾಂಕ್ರಾಮಿಕ ಬಂದರೆ ನಮ್ಮ ಸಿದ್ಧತೆ ಸಾಲದು ಅಂತ ವರದಿಯೇ ಹೇಳಿತ್ತು. ಅಮೆರಿಕ 2019ರಲ್ಲಿ ಕ್ರಿಮ್ಸನ್ ಕಂಟೇಜನ್ ಅಂತ ತಿಂಗಳುಗಟ್ಟಲೆ ಅಭ್ಯಾಸ ನಡೆಸಿತು. ಚೀನಾದಲ್ಲಿ ಶುರುವಾದ ಹೊಸ ಜ್ವರ ಹರಡಿ 5,86,000 ಜನ ಸಾಯುತ್ತಾರೆ ಅನ್ನುವುದು ಅದರ ಕಲ್ಪನೆ. ಯಾವ ಇಲಾಖೆ ಮುಂದಾಳು, ದುಡ್ಡು ಎಲ್ಲಿಂದ, ಮಾಸ್ಕು ಯಾರು ಕೊಳ್ಳಬೇಕು ಅನ್ನುವ ಗೊಂದಲವೆಲ್ಲ ಅದರಲ್ಲಿ ಬಯಲಾಯಿತು. ನಾಲ್ಕಾರು ತಿಂಗಳಲ್ಲಿ ಕೋವಿಡ್ ಬಂತು, ಅದೇ ಗೊಂದಲದ ಜೊತೆ.

ಅಂದರೆ ತಪ್ಪು ಮೊದಲೇ ಗೊತ್ತಾಗುವುದು ಒಂದು ಹಂತ, ಗೊತ್ತಾದದ್ದರಿಂದ ಏನಾದರೂ ಬದಲಾಗುವುದು ಇನ್ನೊಂದು ಹಂತ. ಇವೆರಡರ ಮಧ್ಯೆ ದೊಡ್ಡ ಕಂದಕವಿದೆ. ಅದನ್ನು ದಾಟಿದ ಒಂದು ಉದಾಹರಣೆ ನನಗೆ ಬಹಳ ಇಷ್ಟ.

ದಕ್ಷಿಣ ಆಫ್ರಿಕಾದಲ್ಲಿ 1991ರ ಸೆಪ್ಟೆಂಬರ್. ವರ್ಣಭೇದ ಆಡಳಿತ ಮುಗಿಯುತ್ತಿದೆ, ಮುಂದೇನು ಅಂತ ಯಾರಿಗೂ ಗೊತ್ತಿಲ್ಲ. ಸ್ಟೆಲೆನ್‌ಬಾಷ್ ಹತ್ತಿರದ ಮಾಂಟ್ ಫ್ಲರ್ ಎಂಬಲ್ಲಿ 22 ಜನ ಸೇರಿದರು. ಎಡಪಂಥೀಯ ಹೋರಾಟಗಾರರು, ಅರ್ಥಶಾಸ್ತ್ರಜ್ಞರು, ಬಿಳಿಯರ ಕಂಪನಿಗಳ ಅಧಿಕಾರಿಗಳು, ಕಾರ್ಮಿಕ ಸಂಘದವರು. ನಡೆಸಿಕೊಟ್ಟವರು ಶೆಲ್ ತೈಲ ಕಂಪನಿಯ ಆಡಮ್ ಕಹಾನೆ. ಮುಂದೆ ಏನೇನು ಆಗಬಹುದು ಅಂತ ಕಥೆಗಳಾಗಿ ಕಟ್ಟುವ ಕಸುಬು ಶೆಲ್‌ನವರಿಗೆ ಮೊದಲಿನಿಂದಲೂ ಗೊತ್ತು, 1973ರ ಬಿಕ್ಕಟ್ಟಿಗೆ ಮೊದಲೇ ತೈಲ ಬೆಲೆ ಹಾರಬಹುದು ಅನ್ನುವ ಸಾಧ್ಯತೆಯನ್ನು ಅಲ್ಲಿನ ಪಿಯರ್ ವಾಕ್ ತಮ್ಮ ಮೇಲಿನವರ ಮುಂದೆ ಕಥೆಯಾಗಿ ಕಟ್ಟಿ ಇಟ್ಟಿದ್ದರು. ಮಾಂಟ್ ಫ್ಲರ್‌ನಲ್ಲಿ ನಿಮಗೆ ಏನು ಬೇಕು ಅಂತ ಯಾರನ್ನೂ ಕೇಳಲಿಲ್ಲ. ಏನೇನು ಆಗಬಹುದು ಅಂತ ಕೇಳಿದರು. ಈ ಸಣ್ಣ ಬದಲಾವಣೆಯಲ್ಲೇ ಜಾದೂ ಇರುವುದು. ಬೇಕು ಅಂದರೆ ಜಗಳ, ಆಗಬಹುದು ಅಂದರೆ ಲೆಕ್ಕ.

ನಾಲ್ಕು ಕಥೆಗಳು ಹೊರಬಂದವು, ಹೆಚ್ಚಿನವು ಹಕ್ಕಿಯ ಹೆಸರಲ್ಲಿ. ಮರಳಲ್ಲಿ ತಲೆ ಹುದುಗಿಸಿ ಮಾತುಕತೆಯನ್ನೇ ಬೇಡ ಅನ್ನುವ ಉಷ್ಟ್ರಪಕ್ಷಿ. ಗಟ್ಟಿ ತೀರ್ಮಾನ ತೆಗೆದುಕೊಳ್ಳಲಾಗದೆ ಕುಂಟುವ ಬಾತುಕೋಳಿ. ಅಧಿಕಾರ ಸಿಕ್ಕ ಕೂಡಲೇ ಎಲ್ಲರಿಗೂ ಎಲ್ಲವನ್ನೂ ಕೊಡಲು ಹೋಗಿ, ಸೂರ್ಯನ ಹತ್ತಿರ ಹಾರಿ ರೆಕ್ಕೆ ಕರಗಿ ಬಿದ್ದ ಗ್ರೀಕ್ ಪುರಾಣದ ಐಕಾರಸ್. ಕೊನೆಯದು ನಿಧಾನವಾಗಿ, ಎಲ್ಲರೂ ಒಟ್ಟಿಗೆ ಮೇಲೇರುವ ರಾಜಹಂಸಗಳು. ಇದರಲ್ಲಿ ಐಕಾರಸ್ ಕಥೆ ಚುಚ್ಚಿದ್ದು ಹೋರಾಟದ ಕಡೆಯವರನ್ನೇ. ಅದನ್ನು ಬರೆದವರಲ್ಲಿ ಅವರ ಕಡೆಯವರೂ ಇದ್ದರು, ಹಾಗಾಗಿ ವಿರೋಧಿಗಳ ಕುತಂತ್ರ ಅಂತ ತಳ್ಳಿಹಾಕಲು ಆಗಲಿಲ್ಲ. ಆ 22 ಜನರಲ್ಲಿದ್ದ ಟ್ರೆವರ್ ಮ್ಯಾನುಯೆಲ್ ಮುಂದೆ ಹಣಕಾಸು ಮಂತ್ರಿಯಾದರು, ಟಿಟೊ ಎಂಬೊವೇನಿ ರಿಸರ್ವ್ ಬ್ಯಾಂಕಿನ ಗವರ್ನರ್. ಆಮೇಲಿನ ಸರ್ಕಾರ ಖರ್ಚಿನಲ್ಲಿ ಕೈ ಬಿಗಿ ಹಿಡಿದದ್ದಕ್ಕೆ ಈ ಕೂಟವೊಂದೇ ಕಾರಣ ಅಂತ ಹೇಳಲಾಗುವುದಿಲ್ಲ, ಆ ಬಿಗಿಹಿಡಿತದಿಂದ ಬಡವರಿಗೆ ಅನ್ಯಾಯವಾಯಿತು ಅನ್ನುವವರೂ ಇದ್ದಾರೆ. ಆದರೆ ಅಲ್ಲಿ ಯೋಚಿಸಿದವರೇ ಮುಂದೆ ತೀರ್ಮಾನದ ಕುರ್ಚಿಯಲ್ಲೂ ಕೂತರು. ಸಿಗ್ನಸ್‌ನಲ್ಲೂ ಕ್ರಿಮ್ಸನ್‌ನಲ್ಲೂ ಆಗದಿದ್ದುದು ಇದೇ.

ಈಗ ಆಗಲೇ ಮುಂದೂಡಿದ್ದ ತೊಂದರೆಗಳಿಗೆ ಬರೋಣ. ಯಾರನ್ನು ಕಳಿಸುತ್ತಾರೆ ಅನ್ನುವುದು ಮೊದಲನೆಯದು. ಕೆಲಸ ಮಾಡುವವರನ್ನು ಹತ್ತು ತಿಂಗಳು ಬಿಟ್ಟುಕೊಡಲು ಯಾವ ಮೇಲಧಿಕಾರಿಗೂ ಮನಸ್ಸಿರುವುದಿಲ್ಲ. ಹಾಗಾಗಿ ಸದ್ಯಕ್ಕೆ ಹುದ್ದೆ ಸಿಗದವರು, ನಿವೃತ್ತಿಗೆ ಹತ್ತಿರವಿರುವವರು, ಬೇಡವಾದವರು ಬರುವುದುಂಟು. ನಿವೃತ್ತಿಗೆ ಎರಡು ವರ್ಷ ಉಳಿದವರಿಗೆ ರಾಷ್ಟ್ರೀಯ ಕಾರ್ಯತಂತ್ರ ಕಲಿಸಿ ಏನು ಪ್ರಯೋಜನ? ಕಂಪನಿಗಳದ್ದು ಇನ್ನೂ ಕಷ್ಟ. ಹತ್ತು ತಿಂಗಳು ಕುರ್ಚಿ ಖಾಲಿ ಬಿಟ್ಟರೆ ವಾಪಸು ಬಂದಾಗ ಅದರಲ್ಲಿ ಬೇರೆಯವರು ಕೂತಿರುತ್ತಾರೆ.

ಫಿನ್ಲೆಂಡಿನವರು ಇದಕ್ಕೆ ಬೇರೆ ದಾರಿ ಹುಡುಕಿದ್ದಾರೆ. 1961ರಿಂದ ಅವರು ರಾಷ್ಟ್ರೀಯ ರಕ್ಷಣಾ ಕೋರ್ಸ್ ನಡೆಸುತ್ತಾರೆ, ಅವಧಿ ಬರೀ ಮೂರೂವರೆ ವಾರ, ವರ್ಷಕ್ಕೆ ನಾಲ್ಕು ತಂಡ. ಅರ್ಜಿ ಹಾಕುವಂತಿಲ್ಲ, ಆಹ್ವಾನ ಬರಬೇಕು. ಸಂಸದರು, ಕಂಪನಿ ಮುಖ್ಯಸ್ಥರು, ಸಂಪಾದಕರು, ಚರ್ಚಿನವರು, ಸಂಘಸಂಸ್ಥೆಯವರು ಎಲ್ಲ ಬರುತ್ತಾರೆ. ಆಹ್ವಾನ ಬರುವುದೇ ಅಲ್ಲಿ ಗೌರವ, ಹಾಗಾಗಿ ಕಂಪನಿಗಳು ತಮ್ಮ ಒಳ್ಳೆಯವರನ್ನೇ ಕಳಿಸುತ್ತವೆ. ಮೂರೂವರೆ ವಾರದಲ್ಲಿ ಆಳ ಸಿಗುತ್ತದಾ ಅಂದರೆ ಸಿಗಲಿಕ್ಕಿಲ್ಲ. ಆದರೆ ಅರವತ್ತು ವರ್ಷ ಬಿಡದೆ ನಡೆಸಿದ್ದರಿಂದ ಸಾವಿರಾರು ಜನ ಒಂದೇ ನಕ್ಷೆಯನ್ನು ನೋಡಿದವರಾಗಿದ್ದಾರೆ. ನನ್ನನ್ನು ಕೇಳಿದರೆ ಸಣ್ಣ ದೇಶಕ್ಕೆ ಹತ್ತು ತಿಂಗಳ ಕೋರ್ಸಿಗಿಂತ ಇದೇ ಒಳ್ಳೆಯದು. ದೊಡ್ಡ ದೇಶಕ್ಕೆ ಹೊಂದುತ್ತದೆಯೋ ಇಲ್ಲವೋ, ಅಲ್ಲಿ ಮೇಲಿನವರು ಒಬ್ಬರಿಗೊಬ್ಬರು ಸಿಗುವುದೇ ಅಪರೂಪ.

ಎರಡನೆಯ ತೊಂದರೆ ಸ್ವಲ್ಪ ಭಯ ಹುಟ್ಟಿಸುವಂಥದ್ದು. ಆಗ ಹೇಳಿದೆನಲ್ಲ, ಇವು ಸೇನೆಯ ಮಡಿಲಲ್ಲಿ ಹುಟ್ಟಿದವು ಅಂತ. ಬ್ರೆಜಿಲ್ 1949ರಲ್ಲಿ ರಿಯೊದಲ್ಲಿ ಎಸ್ಕೋಲಾ ಸುಪೀರಿಯರ್ ಡಿ ಗೆಹಾ ಅಂದರೆ ಉನ್ನತ ಯುದ್ಧ ಶಾಲೆ ತೆರೆಯಿತು. ಮೊದಲಿನಿಂದಲೂ ಅಲ್ಲಿ ಉದ್ಯಮಿಗಳು, ವಕೀಲರು, ಅಧಿಕಾರಿಗಳು ಸೇನೆಯವರ ಜೊತೆ ಕೂತು ಕಲಿತರು, ಹೊರಬಂದವರದ್ದೇ ಒಂದು ಬಲವಾದ ಸಂಘವಾಯಿತು. ದೇಶದ ಭದ್ರತೆ ಮತ್ತು ಅಭಿವೃದ್ಧಿ ಎರಡೂ ಒಂದೇ, ಅದನ್ನು ಬಲ್ಲವರು ನಾವು ಅನ್ನುವ ನಂಬಿಕೆ ಅಲ್ಲಿ ಗಟ್ಟಿಯಾಯಿತು. 1964ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಮುಂದೆ ನಿಂತವರಲ್ಲಿ, ಮೊದಲ ಸೇನಾ ಅಧ್ಯಕ್ಷ ಕಾಸ್ಟೆಲೊ ಬ್ರಾಂಕೊ ಅವರೂ ಸೇರಿ, ಆ ಶಾಲೆಯ ನಂಟಿದ್ದವರು ಹಲವರಿದ್ದರು. ಬೇರೆಬೇರೆ ಕಸುಬಿನವರು ಸೇರಿ ಕಲಿತರೆ ಮೂಗಿನ ನೇರ ಬದಲಾಗುತ್ತದೆ ಅನ್ನುವುದು ನಿಜ, ಆದರೆ ಎಲ್ಲರ ಮೂಗೂ ಒಂದೇ ಕಡೆಗೆ ತಿರುಗಿಬಿಟ್ಟರೆ? ಚುನಾಯಿತರಿಗಿಂತ ನಮಗೇ ದೇಶ ಜಾಸ್ತಿ ಗೊತ್ತು ಅನ್ನುವ ಹಮ್ಮು ಬಂದರೆ? ಹಾಗಾಗಿಯೇ ಇಂಥ ತರಗತಿಯಲ್ಲಿ ಒಂದೇ ಸಿದ್ಧಾಂತವನ್ನು ಕಲಿಸಬಾರದು, ಒಪ್ಪದವರನ್ನು ಬೇಕೆಂತಲೇ ಕರೆದು ಕೂರಿಸಬೇಕು. ಕಂಪನಿಯವರ ಬಗ್ಗೆಯೂ ಎಚ್ಚರ ಬೇಕು. ಅಧಿಕಾರಿಯ ಜೊತೆ ಹತ್ತು ತಿಂಗಳು ಊಟ ಮಾಡಿದ ಗುತ್ತಿಗೆದಾರನಿಗೆ ಆಮೇಲೆ ಯಾವ ಬಾಗಿಲು ತೆರೆಯುತ್ತದೆ ಅಂತ ಯಾರಾದರೂ ನೋಡುತ್ತಿರಬೇಕು.

ಮೂರನೆಯದು ತೀರಾ ಸಾಮಾನ್ಯ ತೊಂದರೆ, ಆದರೆ ಹೆಚ್ಚು ಕಾಡುವುದು ಅದೇ. ಕೋರ್ಸು ಮುಗಿಸಿದವರು ವಾಪಸು ಹೋಗುವುದು ಅದೇ ಹಳೆಯ ಇಲಾಖೆಗೆ. ಅಲ್ಲಿ ಬಡ್ತಿ ಸಿಗುವುದು ಹಳೆಯ ಗುಣಕ್ಕೇ. ದೊಡ್ಡದಾಗಿ ಯೋಚಿಸಿ ತನ್ನ ಇಲಾಖೆಯ ಬಜೆಟ್ಟಿನಲ್ಲಿ ಸ್ವಲ್ಪ ಪಕ್ಕದವರಿಗೆ ಬಿಟ್ಟುಕೊಟ್ಟವರನ್ನು ಅವರ ಇಲಾಖೆ ಮೆಚ್ಚುವುದಿಲ್ಲ, ಕೈಲಾಗದವರು ಅನ್ನುತ್ತದೆ. ಕಷ್ಟಪಟ್ಟು ಬರೆದ ಪ್ರಬಂಧ ಗ್ರಂಥಾಲಯದ ಕಪಾಟು ಸೇರುತ್ತದೆ.

ಕುರುವಿನ ಸಂಸ್ಥೆಯಲ್ಲಿ ಇದಕ್ಕೊಂದು ಪರಿಹಾರದ ಹಾಗೆ, ಪ್ರತಿವರ್ಷ ತಂಡದ ಅಧ್ಯಯನಕ್ಕೆ ಒಂದೇ ವಿಷಯ ಇರುತ್ತದೆ. ತಂಡದವರು ದೇಶದ ರಾಜ್ಯಗಳನ್ನೂ ಬೇರೆ ದೇಶಗಳನ್ನೂ ಸುತ್ತಿ ಬಂದು ವರದಿ ಬರೆದು ಅದನ್ನು ನೇರ ಅಧ್ಯಕ್ಷರ ಮುಂದೆಯೇ ಇಡುತ್ತಾರೆ. 2021ರ ತಂಡಕ್ಕೆ ಬಂದ ವಿಷಯ ನೀತಿಗಳನ್ನೂ ಯೋಜನೆಗಳನ್ನೂ ಜಾರಿಗೆ ತರುವುದು ಹೇಗೆ ಅನ್ನುವುದು. 'ಕೆಲಸ ಆಗುವಂತೆ ಮಾಡುವುದು' ಅಂತಲೇ ಅದರ ಶೀರ್ಷಿಕೆ ಶುರುವಾಗುತ್ತಿತ್ತು. ಸಂಸ್ಥೆ ಶುರುವಾಗಿ ಆಗ 42 ವರ್ಷ. ಅಷ್ಟು ವರ್ಷಗಳಲ್ಲಿ ಅಲ್ಲಿ ಕಲಿತು ಹೊರಟವರು ಎಷ್ಟೋ ಇಲಾಖೆಗಳ ಮೇಲಿನ ಕುರ್ಚಿಗಳಲ್ಲಿ ಕೂತಿದ್ದರು, ಹೆಸರಿನ ಕೊನೆಗೆ ಮೂರಕ್ಷರ ಹಾಕಿಕೊಂಡು. ಹೊಸ ತಂಡದವರು ನೋಟ್‌ಬುಕ್ ಹಿಡಿದು ಇಲಾಖೆಗಳಿಗೆ ಹೋದಾಗ, ಕೆಲಸ ಯಾಕೆ ಆಗುತ್ತಿಲ್ಲ ಅಂತ ಅವರು ಕೇಳಬೇಕಾಗಿದ್ದವರಲ್ಲಿ ತಮ್ಮದೇ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳೂ ಇದ್ದರು.